ದಾರಿ ಬಲ್ಲವರು ಪಕ್ಕದಲ್ಲಿದ್ದಾರೆ



ಕಾರುಗಳ ಮೇಲೆ ಪ್ರೀತಿಯಿರುವವರು ಸೇರಿ ಸಂಘ ಕಟ್ಟಿಕೊಳ್ಳುವುದು, ರಜಾದಿನಗಳಲ್ಲಿ ಸಾಲಾಗಿ ಕಾರು ಹೊರಡಿಸಿ ಊರ ಹೊರಗೆ ಹೋಗಿ ಒಟ್ಟಿಗೆ ಊಟ ಮಾಡಿ ಬರುವುದು ನಿಮಗೆ ಗೊತ್ತಿರುವ ಸಂಗತಿಯೇ. ಹಣವಿದ್ದವರ ಆಟ ಎಂದು ನಾವು ಅದನ್ನು ತಳ್ಳಿಹಾಕುತ್ತೇವೆ. ಅದರಲ್ಲಿ ಸ್ವಲ್ಪ ಸತ್ಯವೂ ಇಲ್ಲದಿಲ್ಲ. ಆದರೆ ಅಂಥ ಆಟಗಳಲ್ಲಿ ಒಂದರ ಬಗ್ಗೆ ಈ ವಾರ ನಿಮ್ಮೊಂದಿಗೆ ಧ್ಯಾನಿಸಬೇಕೆನಿಸಿದೆ. ಮುಂಬಯಿ, ಚೆನ್ನೈ ಮುಂತಾದ ನಗರಗಳಲ್ಲಿ ನಡೆದುಬಂದಿರುವ ಅಂಧರ ಕಾರ್ ರ್‍ಯಾಲಿ ಅದು.

ಅಂಧರು ಕಾರು ಓಡಿಸುತ್ತಾರೆಯೇ ಎಂದು ಗಾಬರಿಪಡಬೇಡಿ. ಓಡಿಸುವವರು ಕಣ್ಣಿರುವವರೇ. ಅವರ ಪಕ್ಕದ ಸೀಟಿನಲ್ಲಿ ಕೂರುವವರು ಮಾತ್ರ ಕಣ್ಣು ಕಾಣದವರು; ಅನೇಕ ವೇಳೆ ಅಂಧರ ಶಾಲೆಯ ವಿದ್ಯಾರ್ಥಿಗಳು. ಎಷ್ಟೋ ಜೋಡಿಗಳಿಗೆ ಪರಸ್ಪರ ಪರಿಚಯವಾಗುವುದೇ ಅಂದು ಬೆಳಿಗ್ಗೆ. ಹೊರಡುವ ಹೊತ್ತಿಗೆ ದಾರಿಯ ವಿವರವಿರುವ ಹಾಳೆಗಳನ್ನು ಕೊಡುತ್ತಾರೆ. ಅವು ಬ್ರೈಲ್ ಲಿಪಿಯಲ್ಲಿರುತ್ತವೆ. ದಪ್ಪ ಕಾಗದದ ಮೇಲೆ ಉಬ್ಬಿ ನಿಂತ ಚುಕ್ಕೆಗಳು, ಅಷ್ಟೇ. ಲಕ್ಷಗಟ್ಟಲೆ ಬೆಲೆಯ ಕಾರಿನ ಯಜಮಾನ ಅದನ್ನು ಹೇಗೆ ತಿರುಗಿಸಿ ನೋಡಿದರೂ ಒಂದಕ್ಷರ ತಿಳಿಯದು. ಎಲ್ಲಿ ಎಡಕ್ಕೆ, ಎಲ್ಲಿ ಬಲಕ್ಕೆ, ಯಾವ ಭಾಗದಲ್ಲಿ ಎಷ್ಟು ವೇಗ ಎಂಬುದೆಲ್ಲ ಪಕ್ಕದವರ ಬೆರಳ ತುದಿಯಲ್ಲಿದೆ.

ಇದು ಓಟದ ಪಂದ್ಯವಲ್ಲ. ಗೊತ್ತುಪಡಿಸಿದ ದಾರಿಯನ್ನು ಗೊತ್ತುಪಡಿಸಿದ ವೇಗದಲ್ಲಿ, ಗೊತ್ತುಪಡಿಸಿದ ಹೊತ್ತಿಗೆ ಮುಗಿಸಬೇಕು. ನಡುನಡುವೆ ಕಣ್ಣಿಗೆ ಬೀಳದಂತೆ ಕುಳಿತು ಸಮಯ ಬರೆದುಕೊಳ್ಳುವವರಿರುತ್ತಾರೆ. ತಡವಾಗಿ ಬಂದವರಿಗೆ ದಂಡದ ಅಂಕ; ಬೇಗ ಬಂದವರಿಗೂ ದಂಡದ ಅಂಕ. ಹೀಗಾಗಿ ಎಂಜಿನ್ನಿನ ಶಕ್ತಿಯಿಂದ ಇಲ್ಲಿ ಏನೂ ನಡೆಯುವುದಿಲ್ಲ. ಹಳೆಯ ಸಣ್ಣ ಕಾರಿನವರು ಗೆದ್ದು, ಭಾರಿ ಕಾರಿನವರು ಕೊನೆಯಲ್ಲಿ ಉಳಿಯುವುದು ಸಾಧ್ಯ.

ನನ್ನ ಮನಸ್ಸಿಗೆ ಹಿಡಿಸಿದ್ದು ಇನ್ನೊಂದು ವಿಷಯ. ಎರಡು ಕಿಲೋಮೀಟರಿನ ನಂತರ ಬಲಕ್ಕೆ ತಿರುಗಬೇಕು ಎಂದು ಬೆರಳು ಓದಿತು ಅನ್ನಿ. ಎರಡು ಕಿಲೋಮೀಟರ್ ಆಯಿತೆಂದು ಆ ಹುಡುಗನಿಗೆ ಗೊತ್ತಾಗುವುದು ಹೇಗೆ? ಮೀಟರಿನಲ್ಲಿ ಎಷ್ಟಾಯಿತೆಂದು ಓಡಿಸುವವನು ಹೇಳುತ್ತಿರಬೇಕು. ಎಡಗಡೆ ಪೆಟ್ರೋಲ್ ಬಂಕ್ ಬಂತು, ಮುಂದೆ ರೈಲ್ವೆ ಗೇಟು ಇದೆ ಎಂದು ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಬೇಕು. ಅವನು ಸುಮ್ಮನಾದರೆ ಇವನಿಗೆ ದಾರಿಯಿಲ್ಲ. ಇವನು ಸುಮ್ಮನಾದರೆ ಅವನಿಗೂ ದಾರಿಯಿಲ್ಲ. ಗಂಡಹೆಂಡಿರು ಕೂಡ ಒಂದು ಪಯಣದಲ್ಲಿ ಇಷ್ಟು ಮಾತಾಡಿಕೊಳ್ಳುವುದು ಅಪರೂಪವೆಂದು ಕಾಣುತ್ತದೆ!

ಶೋಧನೆ ಬರುವುದು ದಾರಿ ತಪ್ಪಿದಂತೆ ಅನಿಸಿದಾಗ. ಓಡಿಸುವವನ ಕೈ ತಾನಾಗಿಯೇ ಕಿಟಕಿಯ ಗಾಜಿನ ಕಡೆ ಹೋಗುತ್ತದೆ. ಅಂಗಡಿಯವನನ್ನು ಕೇಳೋಣ ಅನಿಸುತ್ತದೆ. ಇಲ್ಲವೇ ಮುಂದೆ ಹೋಗುತ್ತಿರುವ ಇನ್ನೊಂದು ರ್‍ಯಾಲಿ ಕಾರಿನ ಬಾಲ ಹಿಡಿಯೋಣ ಅನಿಸುತ್ತದೆ. ಪಕ್ಕದಲ್ಲಿ ಹಾಳೆ ಹಿಡಿದು ಕುಳಿತ ಮಗು ಆಗ ಮೂಟೆಯಂತಾಗುತ್ತದೆ. ಮುಂದಿನ ಕಾರು ತಪ್ಪಿದ್ದರೆ ಹಿಂಬಾಲಿಸಿದವರೆಲ್ಲ ತಪ್ಪಿದರು. ಕುರುಡನಿಗೆ ಕುರುಡ ದಾರಿ ತೋರಿದರೆ ಇಬ್ಬರೂ ಹಳ್ಳಕ್ಕೆ ಬೀಳುತ್ತಾರೆಂಬ ಪ್ರಭುವಿನ ಮಾತು ನಿಮಗೆ ನೆನಪಿರಬಹುದು. ಆ ಮಾತನ್ನು ನಾವು ಕಣ್ಣು ಕಾಣದವರ ಮೇಲೆ ಹೊರಿಸಿಬಿಡುತ್ತೇವೆ. ಸ್ವಾಮಿ ಅದನ್ನು ಹೇಳಿದ್ದು ಫರಿಸಾಯರ ವಿಷಯದಲ್ಲಿ. ತಮಗೆ ಎಲ್ಲವೂ ಕಾಣುತ್ತದೆಂದು ನಂಬಿದ್ದ ಜನ ಅವರು.

ಈ ಚುಕ್ಕೆಗಳ ಲಿಪಿಯ ಹಿಂದೆ ಒಬ್ಬ ಗ್ರಾಮದ ಗುರುಗಳಿದ್ದಾರೆಂಬುದು ನಮ್ಮ ಅನೇಕ ವಿಶ್ವಾಸಿಗಳಿಗೆ ಹೊಸ ವಿಷಯವಾಗಬಹುದು. ಲೂಯಿ ಬ್ರೈಲ್ 1809ರಲ್ಲಿ ಪ್ಯಾರಿಸ್ಸಿನ ಹತ್ತಿರದ ಕೂವ್ರೇ ಹಳ್ಳಿಯಲ್ಲಿ ಹುಟ್ಟಿದರು. ತಂದೆ ಕುದುರೆಯ ಜೀನು, ತೊಗಲಿನ ಪಟ್ಟಿ ಮಾಡುವವರು. ಮೂರು ವರ್ಷದ ಮಗು ಅಪ್ಪನ ಕೆಲಸದ ಕೋಣೆಯಲ್ಲಿ ತೊಗಲು ಚುಚ್ಚುವ ಚೂಪಾದ ಉಪಕರಣದೊಡನೆ ಆಡುತ್ತಾ ಕಣ್ಣಿಗೆ ಚುಚ್ಚಿಕೊಂಡಿತು. ಸೋಂಕು ಹರಡಿ ಎರಡು ಕಣ್ಣುಗಳೂ ಹೋದವು. ಆ ಊರಿಗೆ ಬಂದ ವಿಚಾರಣಾ ಗುರು ಫಾದರ್ ಪಾಲ್ಯುಯಿ ಹುಡುಗನನ್ನು ಹತ್ತಿರ ಕೂರಿಸಿಕೊಂಡು ಪಾಠ ಹೇಳಿದರು. ಇತರ ಮಕ್ಕಳ ಜೊತೆಯಲ್ಲೇ ಊರ ಶಾಲೆಗೆ ಸೇರಿಸಿದರು. 1819ರಲ್ಲಿ ಹುಡುಗ ಪ್ಯಾರಿಸ್ಸಿನ ಅಂಧರ ಶಾಲೆಗೆ ಹೋದನು. ಕತ್ತಲಲ್ಲಿ ಓದಲೆಂದು ಶಾರ್ಲ್ ಬಾರ್ಬಿಯೇ ಎಂಬವರು ಹನ್ನೆರಡು ಚುಕ್ಕೆಗಳ ಬರಹವೊಂದನ್ನು ರೂಪಿಸಿದ್ದರು. ಒಂದು ಬೆರಳಿನ ತುದಿಗೆ ಅಷ್ಟು ಚುಕ್ಕೆ ಹಿಡಿಸದು. ಬ್ರೈಲ್ ಅದನ್ನು ಆರಕ್ಕೆ ಇಳಿಸಿ, ಹದಿನೈದನೆಯ ವಯಸ್ಸಿಗೆ, 1824ರ ಹೊತ್ತಿಗೆ, ತಮ್ಮ ಲಿಪಿಗೆ ರೂಪ ಕೊಟ್ಟರು. ಮುಂದೆ ಅವರು ಅದೇ ಶಾಲೆಯಲ್ಲಿ ಉಪಾಧ್ಯಾಯರಾದರು, ಪ್ಯಾರಿಸ್ಸಿನ ದೇವಾಲಯಗಳಲ್ಲಿ ಆರ್ಗನ್ ನುಡಿಸಿದರು. ಆದರೂ ಶಾಲೆ ಅವರ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡದ್ದು 1854ರಲ್ಲಿ, ಅವರು ತೀರಿಕೊಂಡ ಎರಡು ವರ್ಷಗಳ ಮೇಲೆ. ಅಂಧರಿಗೆ ಯಾವುದು ಒಳ್ಳೆಯದೆಂದು ತೀರ್ಮಾನಿಸುವ ಕುರ್ಚಿಯಲ್ಲಿ ಕಣ್ಣಿದ್ದವರು ಕೂತಿದ್ದರು, ನೋಡಿ. ನಮ್ಮ ದೇಶದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ ಬಂದದ್ದು 1951ರಲ್ಲಿ; ಕನ್ನಡದ 'ಕ'ಕಾರಕ್ಕೂ ಹಿಂದಿಯ 'ಕ'ಕಾರಕ್ಕೂ ಅದರಲ್ಲಿ ಒಂದೇ ಚುಕ್ಕೆಗಳು.

ರ್‍ಯಾಲಿ ಮುಗಿದ ಮೇಲೆ ಊಟ, ಬಹುಮಾನ, ಫೋಟೋ. ಮರುದಿನದಿಂದ ಆ ಮಕ್ಕಳನ್ನು ಯಾರು ಕೇಳುತ್ತಾರೆ ಎಂದು ನೀವು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆದರೆ ಆ ಸಂಘದವರನ್ನು ಕೇಳುವ ಮೊದಲು ನಮ್ಮ ಮನೆಗಳಲ್ಲಿ ಆ ಪ್ರಶ್ನೆ ಹಾಕಿಕೊಳ್ಳೋಣ. ಸಕ್ಕರೆ ಕಾಯಿಲೆಯಿಂದಲೋ ಪೊರೆಯಿಂದಲೋ ಕಣ್ಣು ಮಂಜಾದ ಅಜ್ಜ, ಅಜ್ಜಿ, ಅತ್ತೆ ಎಷ್ಟು ಮನೆಗಳಲ್ಲಿಲ್ಲ? ಅವರಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡುತ್ತೇವೆ, ಔಷಧಿ ಹಾಕುತ್ತೇವೆ. ಮನೆಯಲ್ಲಿ ಏನು ನಡೆಯುತ್ತಿದೆ ಎಂದು ಮಾತ್ರ ಹೇಳುವುದಿಲ್ಲ. ಯಾರು ಬಂದರು, ಯಾರು ಹೋದರು, ಯಾವ ಜಮೀನು ಮಾರಿದೆವು, ಮೊಮ್ಮಗಳಿಗೆ ಎಲ್ಲಿ ಸಂಬಂಧ ನೋಡಿದೆವು, ಒಂದೂ ಇಲ್ಲ.

ಹಳೆಯ ಒಡಂಬಡಿಕೆಯ ತೊಬೀತನ ಮನೆಯಲ್ಲಿ ಹೀಗೆಯೇ ಜಗಳ ಎದ್ದಿತು. ಕಣ್ಣು ಹೋದ ಮೇಲೆ ಹೆಂಡತಿ ಅನ್ನಾ ನೂಲು ನೇಯ್ದು ಸಂಸಾರ ನಡೆಸುತ್ತಿದ್ದಳು. ಒಂದು ದಿನ ಕೆಲಸ ಕೊಟ್ಟವರು ಕೂಲಿಯ ಜೊತೆಗೆ ಒಂದು ಆಡುಮರಿಯನ್ನೂ ಕೊಟ್ಟರು. ಮರಿ ಮನೆಯೊಳಗೆ ಕೂಗಿದ್ದು ಕೇಳಿಸಿತೇ ಹೊರತು ಅದು ಹೇಗೆ ಬಂತೆಂದು ತೊಬೀತನಿಗೆ ತಿಳಿಯದು. ಕದ್ದ ಮಾಲೆಂದು ಸಂಶಯಪಟ್ಟನು. ಅವಳು ವಿವರಿಸಿದರೂ ನಂಬಲಿಲ್ಲ. ನೊಂದ ಹೆಂಡತಿ ಅವನ ದಾನಧರ್ಮವನ್ನೇ ಚುಚ್ಚಿ ಮಾತಾಡಿದಳು. ಅವನಂಥ ನೀತಿವಂತ ಅಂದು ಸಾವನ್ನು ಬೇಡಿಕೊಂಡನು. ತಪ್ಪು ಅವನದೇ ಇರಬಹುದು. ಆದರೆ ಶಬ್ದ ಮಾತ್ರ ಕೇಳಿಸಿ ಸಂಗತಿ ತಿಳಿಯದೆ ಮೂಲೆಯಲ್ಲಿ ಕುಳಿತ ಮನುಷ್ಯನ ಸ್ಥಿತಿ ಎಂಥದ್ದೆಂದು ನಾವೂ ಸ್ವಲ್ಪ ಯೋಚಿಸಬೇಕು.

ಜೆರಿಕೋ ಪಟ್ಟಣದಿಂದ ಹೊರಟ ದೊಡ್ಡ ಗುಂಪಿಗೆ ಬಾರ್ತಿಮಾಯನ ಕೂಗು ಕಿರಿಕಿರಿಯೆನಿಸಿತು. ಸುಮ್ಮನಿರು ಎಂದು ಗದರಿಸಿದರು. ಯೇಸುಸ್ವಾಮಿ ನಿಂತರು; ಗುಂಪೂ ನಿಲ್ಲಬೇಕಾಯಿತು. ಅವನಿಗೆ ಬೇಕಾದದ್ದು ಏನೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಆದರೂ ಸ್ವಾಮಿ ಅವನನ್ನೇ ಕರೆಸಿ, ನನ್ನಿಂದ ನಿನಗೆ ಏನಾಗಬೇಕು ಎಂದು ಅವನ ಬಾಯಿಂದಲೇ ಕೇಳಿದರು.

ಬರುವ ಭಾನುವಾರ ಬಲಿಪೂಜೆಗೆ ಹೊರಡುವಾಗ, ಕಾರಾಗಲಿ ಆಟೋ ಆಗಲಿ, ಕಣ್ಣು ಮಂಜಾದ ನಿಮ್ಮ ಅಜ್ಜಿಯನ್ನು ನಿಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳಿ. ದಾರಿಯಲ್ಲಿ ಕಂಡದ್ದನ್ನು ಹೇಳುತ್ತಾ ಹೋಗಿ. ಯಾವ ರಸ್ತೆಯಲ್ಲಿ ಹೋಗೋಣ ಎಂದು ಅವರನ್ನೇ ಕೇಳಿ. ಹಳೆಯ ಪರಿಚಯದವರ ಮನೆಯ ಮುಂದಾಗಿ ಹೋಗುವ ದಾರಿಯನ್ನು ಹೇಳಿದರೆ ಸುತ್ತಾಗಬಹುದು. ಹತ್ತು ನಿಮಿಷ ಮೊದಲೇ ಹೊರಡಿ.