ಜೀರ್ಣೋದ್ಧಾರವೂ ನಿತ್ಯಸೇವೆಯೂ

ಸಾರ್ವಜನಿಕ ಗ್ರಂಥಾಲಯದ ಕಟ್ಟಡವು ಜೀರ್ಣವಾದಾಗ ಅದನ್ನು ಉದ್ಧರಿಸತಕ್ಕದ್ದೆಂಬುದರಲ್ಲಿ ಯಾರಿಗೂ ವಿಪ್ರತಿಪತ್ತಿಯಿಲ್ಲ. ಆದರೆ ಆ ಕಾರ್ಯವು ನಡೆಯುತ್ತಿರುವಷ್ಟು ಕಾಲ ಓದುಗರ ಗತಿಯೇನು? ಮುಂದೆ ಬರುವವರ ಸೌಖ್ಯಕ್ಕಾಗಿ ಈಗಿರುವವರನ್ನು ಹೊರಗೆ ನಿಲ್ಲಿಸುವುದು ನ್ಯಾಯವೆ? ಮೇಲುನೋಟಕ್ಕೆ ಇದು ಕಚೇರಿಯವರು ವಿಚಾರಿಸಿಕೊಳ್ಳಬೇಕಾದ ವ್ಯವಸ್ಥೆಯ ಮಾತಾಗಿ ತೋರುವುದು. ವಿವೇಚಿಸಿ ನೋಡಿದರೆ ಇದು ಧರ್ಮವಿಚಾರವೇ ಆಗಿರುವುದು.

ಮೊದಲು ಪೂರ್ವಪಕ್ಷವನ್ನು ಹೇಳುವೆನು. "ಕೆಲವು ತಿಂಗಳ ಮಾತು, ಜನರು ಸಹಿಸಿಕೊಳ್ಳಲಿ. ಗಾರೆಯ ಧೂಳಿನಲ್ಲಿ ಓದುವುದೂ ಸಾರುವೆಯ ಕೆಳಗೆ ಮಕ್ಕಳು ಓಡಾಡುವುದೂ ಅಪಾಯಕರ. ಬಾಗಿಲು ಮುಚ್ಚಿದರೆ ಕೆಲಸವು ಬೇಗ ಮುಗಿಯುವುದು, ಹಣವೂ ಉಳಿಯುವುದು." ಈ ವಾದವು ತಳ್ಳಿಹಾಕತಕ್ಕದ್ದಲ್ಲ. ನ್ಯೂಯಾರ್ಕ್ ನಗರದ ಸಾರ್ವಜನಿಕ ಗ್ರಂಥಾಲಯದ ಮಹಾವಾಚನಮಂದಿರದಲ್ಲಿ 2014ನೆಯ ಇಸವಿಯ ಮೇ ತಿಂಗಳ ಒಂದು ರಾತ್ರಿ, 52 ಅಡಿ ಎತ್ತರದ ಛಾವಣಿಯಿಂದ ಗಾರೆಯ ಪುಷ್ಪವೊಂದು ಕಳಚಿ ನೆಲಕ್ಕೆ ಬಿದ್ದಿತು. ಹಗಲಾಗಿದ್ದರೆ ಅದು ಓದುಗನೊಬ್ಬನ ತಲೆಯ ಮೇಲೆ ಬೀಳಬಹುದಾಗಿತ್ತು. ಅಧಿಕಾರಿಗಳು ಮಂದಿರವನ್ನು ಮುಚ್ಚಿ, ಅಂತಹ 900 ಪುಷ್ಪಗಳಿಗೆ ಉಕ್ಕಿನ ಹುರಿಗಳ ಆಧಾರವನ್ನು ಕೊಡಿಸಿ, 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆದರು. ಪ್ರಾಣಭಯವಿರುವಲ್ಲಿ ಮುಚ್ಚುವುದೇ ಧರ್ಮ. ಆದರೆ ಅವರು ಮುಚ್ಚಿದುದು ಆ ಮಂದಿರವನ್ನು, ಗ್ರಂಥಾಲಯವನ್ನಲ್ಲ. ಕಟ್ಟಡದ ಬೇರೆ ಕೊಠಡಿಗಳಲ್ಲಿ ಓದು ನಡೆದೇ ಇದ್ದಿತು. ಈ ಭೇದದಲ್ಲಿಯೇ ನಮ್ಮ ಪ್ರಶ್ನೆಯ ಉತ್ತರವು ಅಡಗಿರುವುದು.

ನಮ್ಮ ಆಗಮಜ್ಞರು ಈ ಭೇದವನ್ನು ಬಹು ಹಿಂದೆಯೇ ಅರಿತಿದ್ದರು. ಗರ್ಭಗೃಹದ ಜೀರ್ಣೋದ್ಧಾರವನ್ನು ಕೈಗೊಂಡಾಗ ಅವರು ಪೂಜೆಯನ್ನು ನಿಲ್ಲಿಸುವುದಿಲ್ಲ. ಮೂಲಮೂರ್ತಿಯ ಸಾನ್ನಿಧ್ಯವನ್ನು ಕಲಶಕ್ಕೋ ಚಿಕ್ಕ ಬಿಂಬಕ್ಕೋ ಆವಾಹಿಸಿ, ಬಾಲಾಲಯವೆಂಬ ತಾತ್ಕಾಲಿಕ ಗುಡಿಯಲ್ಲಿರಿಸಿ, ನಿತ್ಯಪೂಜೆಯನ್ನು ಲೋಪವಿಲ್ಲದಂತೆ ನಡೆಯಿಸುವರು. ಶಿಲ್ಪಿಯು ತನ್ನ ಕೆಲಸವನ್ನು ಮಾಡುವನು, ಅರ್ಚಕನು ತನ್ನದನ್ನು. ಬಾಲಾಲಯಕ್ಕೆ ಗೋಪುರವಿಲ್ಲ, ಪ್ರಾಕಾರವಿಲ್ಲ. ಆದರೂ ಭಕ್ತನು ಕೈಮುಗಿಯುವುದಕ್ಕೆ ಕೊರತೆಯಿಲ್ಲ. ಮೀಮಾಂಸಕರ ಮಾತಿನಲ್ಲಿ ಹೇಳುವುದಾದರೆ ಜೀರ್ಣೋದ್ಧಾರವು ನೈಮಿತ್ತಿಕ, ಪೂಜೆಯು ನಿತ್ಯ. ನಿತ್ಯಕರ್ಮವನ್ನು ಮಾಡಿದುದಕ್ಕೆ ವಿಶೇಷ ಫಲವನ್ನು ಹೇಳದವರೂ ಬಿಟ್ಟರೆ ಪ್ರತ್ಯವಾಯವುಂಟೆನ್ನುವರು. ದಿನವೂ ಪುಸ್ತಕವನ್ನು ತೆಗೆದುಕೊಡುವವನ ಕೆಲಸವೂ ಇಂತಹುದೇ. ಅದಕ್ಕೆ ಯಾರೂ ಹಾರ ಹಾಕುವುದಿಲ್ಲ; ನಿಂತ ದಿನ ಮಾತ್ರ ಅದರ ಬೆಲೆ ತಿಳಿಯುವುದು.

ಆ ನ್ಯೂಯಾರ್ಕಿನವರೇ ತಿಳಿದೋ ತಿಳಿಯದೆಯೋ ಒಂದು ಬಾಲಾಲಯವನ್ನೂ ಕಟ್ಟಿದರು. ಪುಸ್ತಕಗಳನ್ನು ಮನೆಗೆ ಕೊಡುತ್ತಿದ್ದ ಅವರ ಮಿಡ್-ಮ್ಯಾನ್‌ಹಟನ್ ಶಾಖೆಯನ್ನು 2017ರ ಆಗಸ್ಟಿನಲ್ಲಿ ನವೀಕರಣಕ್ಕಾಗಿ ಮುಚ್ಚಬೇಕಾಯಿತು. ಆಗ ಅದರ ಪುಸ್ತಕಗಳಲ್ಲಿ ಒಂದು ಭಾಗವನ್ನು ಹತ್ತಿರದಲ್ಲಿಯೇ ಇದ್ದ ಮುಖ್ಯ ಕಟ್ಟಡದೊಳಕ್ಕೆ ತಂದು, ಎರವಲು ಕೊಡುವ ಕಾರ್ಯವನ್ನು ಅಲ್ಲಿ ಮುಂದುವರಿಸಿದರು. ಕುಳಿತು ಓದುವ ವಿದ್ವಾಂಸರಿಗೆ ಪ್ರಸಿದ್ಧವಾದ ಆ ಸೌಧವು ಸಾಮಾನ್ಯ ಓದುಗನಿಗೆ ನೆರೆಮನೆಯ ಜಗುಲಿಯಾಯಿತು. ನಡುವೆ 2020ರ ಮಹಾಮಾರಿಯು ಎಲ್ಲ ಬಾಗಿಲುಗಳನ್ನೂ ಮುಚ್ಚಿಸಿತು. ಅದು ಮನುಷ್ಯರ ಕೈಮೀರಿದುದು. ಹೊಸ ಕಟ್ಟಡವು 2021ರಲ್ಲಿ ಪೂರ್ಣವಾಗಿ ತೆರೆಯಿತು.

ಇನ್ನು ನಮ್ಮ ಕಡೆಯ ಒಂದು ದೃಶ್ಯ. ಕೆಲವು ವರ್ಷಗಳ ಹಿಂದೆ ಒಂದು ಊರಿನ ವಾಚನಾಲಯದ ಬಾಗಿಲಿಗೆ "ದುರಸ್ತಿಗಾಗಿ ಮುಚ್ಚಿದೆ" ಎಂಬ ಹಲಗೆಯನ್ನು ತೂಗುಹಾಕಿದ್ದರು. ಎಂದು ತೆರೆಯುವುದೆಂಬುದಾಗಲಿ ಅಲ್ಲಿಯವರೆಗೆ ಎಲ್ಲಿಗೆ ಹೋಗಬೇಕೆಂಬುದಾಗಲಿ ಅದರಲ್ಲಿರಲಿಲ್ಲ. ನನ್ನ ಹಳೆಯ ಶಿಷ್ಯನೊಬ್ಬನು ಮೆಟ್ಟಿಲಿನ ಮೇಲೆ ಕುಳಿತು ಪರೀಕ್ಷೆಗೆ ಓದಿಕೊಳ್ಳುತ್ತಿದ್ದನು. "ಮನೆಯಲ್ಲಿ ಒಂದೇ ಕೋಣೆ, ಮೇಷ್ಟರೆ, ಇಲ್ಲಾದರೂ ನೆರಳಿದೆ" ಎಂದನು. ಮನೆಯಲ್ಲಿ ಕಪಾಟು ತುಂಬ ಪುಸ್ತಕವುಳ್ಳ ನನಗೆ ಆ ಹಲಗೆಯಿಂದ ನಷ್ಟವೇನೂ ಆಗಿರಲಿಲ್ಲ. ನಾನು ಅದನ್ನು ಹಲವು ದಿನ ನೋಡಿಯೂ ನೋಡದೆ ನಡೆದಿದ್ದೆನೆಂಬುದು ಆಗ ಮನಸ್ಸಿಗೆ ಬಂದು ನಾಚಿಕೆಯಾಯಿತು. ಬಾಗಿಲು ಮುಚ್ಚಿದಾಗ ಎಲ್ಲರೂ ಸಮನಾಗಿ ನಷ್ಟಪಡುವುದಿಲ್ಲ. ಬೇರೆ ಬಾಗಿಲಿಲ್ಲದವನೇ ಪೂರ್ತಿ ನಷ್ಟಪಡುವನು. ಕಟ್ಟಡಕ್ಕೆ ಆರು ತಿಂಗಳು ಅಲ್ಪಕಾಲ. ಆ ಹುಡುಗನಿಗೆ ಅದು ಒಂದು ಪರೀಕ್ಷೆ, ಒಂದು ಜೀವಿಕೆ. ಮೇಲಾಗಿ 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಅಧಿನಿಯಮದಂತೆ ಮನೆ ಜಮೀನುಗಳ ತೆರಿಗೆಯೊಡನೆ ಗ್ರಂಥಾಲಯದ ಕರವನ್ನೂ ಜನರು ತೆರುತ್ತಿರುವರು. ದುರಸ್ತಿಯ ಕಾಲದಲ್ಲಿ ಕರವು ನಿಲ್ಲದಿರುವಾಗ ಸೇವೆಯು ಮಾತ್ರ ನಿಲ್ಲುವುದು ಹೇಗೆ ಯುಕ್ತವಾದೀತು?

ಆದುದರಿಂದ ಸಿದ್ಧಾಂತವಿಷ್ಟೆ: ಅಪಾಯವಿರುವ ಕೋಣೆಯನ್ನು ಮುಚ್ಚಲಿ, ಸೇವೆಯನ್ನು ಮುಚ್ಚದಿರಲಿ. ಅರ್ಧ ಕಟ್ಟಡವನ್ನು ಒಮ್ಮೆ, ಉಳಿದರ್ಧವನ್ನು ಮತ್ತೊಮ್ಮೆ ದುರಸ್ತಿ ಮಾಡಬಹುದು. ಅದಾಗದಿದ್ದರೆ ಒಂದು ಶಾಲೆಯ ಕೊಠಡಿ, ಒಂದು ಛತ್ರದ ಪಡಸಾಲೆ ಸಾಲದೆ? ನಿಘಂಟುಗಳು, ವೃತ್ತಪತ್ರಿಕೆಗಳು, ಪರೀಕ್ಷೆಯ ಪುಸ್ತಕಗಳು, ಎರಡು ಬೆಂಚು, ಒಂದು ದೀಪ: ಇಷ್ಟಿದ್ದರೆ ಬಾಲಾಲಯವು ಸಿದ್ಧವಾದಂತೆ. ವೆಚ್ಚವು ಸ್ವಲ್ಪ ಹೆಚ್ಚಬಹುದು, ಕೆಲಸವು ಸ್ವಲ್ಪ ತಡವಾಗಬಹುದು. ಆ ಭಾರವನ್ನು ಸಂಸ್ಥೆಯು ಹೊರಲಿ. ಮೆಟ್ಟಿಲಿನ ಮೇಲೆ ಕುಳಿತವನ ಹೆಗಲಿಗೆ ಅದನ್ನು ಹಾಕದಿರಲಿ. ಅಲಮತಿವಿಸ್ತರೇಣ.