ಮಾಳಿಗೆಯ ಮೋಟುಗೋಡೆಯೂ ಯಂತ್ರದ ಮುಚ್ಚಳವೂ

ಧ್ಯಾನಭಾಗ: ಧರ್ಮೋಪದೇಶಕಾಂಡ 19:4-6; 22:8

ಮೋಶೆಯ ಧರ್ಮಶಾಸ್ತ್ರದಲ್ಲಿ ಕೆಲಸಗಾರರಿಗೆ ಸಂಬಂಧಪಟ್ಟ ಎರಡು ಚಿಕ್ಕ ವಿಧಿಗಳುಂಟು. ಮರ ಕಡಿಯುವಾಗ ಕೊಡಲಿಯು ಕಾವಿನಿಂದ ಜಾರಿ ನೆರೆಯವನಿಗೆ ತಗಲಿ ಅವನು ಸತ್ತರೆ, ಕಡಿದವನು ಆಶ್ರಯಪಟ್ಟಣಕ್ಕೆ ಓಡಿ ಬದುಕಿಕೊಳ್ಳಬಹುದೆಂಬದು ಒಂದು. ಹೊಸ ಮನೆಯನ್ನು ಕಟ್ಟುವವನು ಮಾಳಿಗೆಯ ಸುತ್ತಲೂ ಮೋಟುಗೋಡೆಯನ್ನು ಎತ್ತತಕ್ಕದ್ದು. ಎತ್ತದೆ ಬಿಟ್ಟು ಯಾವನಾದರೂ ಬಿದ್ದರೆ ಆ ರಕ್ತದ ಹೊಣೆ ಮನೆಯವನದೆಂಬದು ಇನ್ನೊಂದು. ಅರಿಯದೆ ಆದ ಅಪಾಯಕ್ಕೆ ಕರುಣೆಯುಂಟು. ಅರಿತೂ ತಡೆಯದ ಅಪಾಯಕ್ಕೆ ಲೆಕ್ಕ ಒಪ್ಪಿಸಬೇಕು. ಇದೇ ಈ ಎರಡರ ಸಾರ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಸೀಮೆಗಳಲ್ಲಿ ಈ ಮಾತು ಎಲ್ಲಿ ತಗಲುತ್ತದೆ? ಒಂದು ಕಾಲಕ್ಕೆ ಹುಣಸೂರು ಅಮೃತಮಹಲ್ ದನಗಳಿಗೂ ಬಂಡಿಗಳ ಕೆಲಸಕ್ಕೂ ಹೆಸರಾಗಿತ್ತು. ಈಗ ಹೊಗೆಸೊಪ್ಪಿನ ಹೊಲದಲ್ಲಿಯೂ ಭತ್ತದ ಗದ್ದೆಯಲ್ಲಿಯೂ ಟ್ರ್ಯಾಕ್ಟರಿನ ಹಿಂದೆ ರೋಟವೇಟರ್ ತಿರುಗುತ್ತದೆ. 1912ರಲ್ಲಿ ಆಸ್ಟ್ರೇಲಿಯದ ಗಿಲ್ಗಾಂಡ್ರದಲ್ಲಿ ಕ್ಲಿಫರ್ಡ್ ಹೊವರ್ಡ್ ಎಂಬಾತನು ಇಂಥ ಉಳುಮೆಯ ಪರೀಕ್ಷೆಗಳನ್ನು ಆರಂಭಿಸಿದನು. ಚಪ್ಪಟೆ ಅಲಗುಗಳು ಮಣ್ಣನ್ನು ಪಕ್ಕಕ್ಕೆ ಎಸೆದವಾದ್ದರಿಂದ, ತುದಿ ಬಾಗಿದ ಅಲಗುಗಳನ್ನು ಮಾಡಿದನು. ಹೊಸದಕ್ಕೆ ಹಣ ಸಾಲದವನು ಹಳೆಯದನ್ನು ಕೊಂಡು ದುರಸ್ತು ಮಾಡಿಕೊಳ್ಳುವನು. ಇದರಲ್ಲಿ ನಾಚಿಕೆಯಿಲ್ಲ, ಆದರೆ ಮೂರು ಸಂಗತಿಗಳನ್ನು ನಾವು ಮನಸ್ಸಿನಲ್ಲಿಡತಕ್ಕದ್ದು.

ಮೊದಲನೆಯದು: ಶಬ್ದವನ್ನು ಕೇಳಿ ಕಾರಣವನ್ನು ಹುಡುಕುವದು. ಹೊಸ ಬಣ್ಣವನ್ನು ನೋಡಿ ಮರುಳಾಗಬಾರದು. ಇಂಜಿನು ನಿಲ್ಲಿಸಿ, ಬೀಗದ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ಎತ್ತಿದ ಯಂತ್ರದ ಕೆಳಗೆ ಮರದ ದಿಮ್ಮಿಗಳನ್ನು ಕೊಟ್ಟ ಮೇಲೆಯೇ ಕೈಯಿಡಬೇಕು. ಹೈಡ್ರಾಲಿಕ್ಕನ್ನು ಮಾತ್ರ ನಂಬಿ ಕೆಳಗೆ ಬಗ್ಗಬಾರದು. ಯಂತ್ರ ನಡುಗಿದರೆ ಅಲಗು ಕಳಚಿದೆಯೋ ಬಾಗಿದೆಯೋ ನೋಡಿರಿ. ಟಕಟಕ ಬಡಿದರೆ ಜಾಯಿಂಟಿನ ಕ್ರಾಸು ಸವೆದಿರಬಹುದು, ಇಲ್ಲವೆ ಯಂತ್ರವನ್ನು ಮಿತಿಮೀರಿ ಎತ್ತಿ ತಿರುಗಿಸಿರಬಹುದು. ಗೇರ್‌ಬಾಕ್ಸು ಸುಟ್ಟಂತೆ ಕಾದರೆ ಎಣ್ಣೆಯ ಮಟ್ಟವನ್ನು ಪರೀಕ್ಷಿಸಿರಿ. ಪಕ್ಕದಿಂದ ಎಣ್ಣೆ ಸೋರಿದರೆ, ಹೊಲದಲ್ಲಿ ಬಿದ್ದಿದ್ದ ದಾರವೋ ತಂತಿಯೋ ಸುತ್ತಿಕೊಂಡು ಸೀಲನ್ನು ಕೊಯ್ದಿರಬಹುದು. ಕೃಷ್ಣರಾಜನಗರದ ನಾಲೆಬಯಲಿನಲ್ಲಿ ಕೆಸರುಮಾಡಿದ ಯಂತ್ರವಾದರೆ ಬೇರಿಂಗಿಗೆ ಕೆಸರು ಹೊಕ್ಕಿದೆಯೋ ಎಂದು ಮೊದಲು ನೋಡುವದು. ಕಲ್ಲು ಬೆರೆತ ಕೆಂಪು ಹೊಲದಿಂದ ಬಂದದ್ದಾದರೆ ಅಲಗುಗಳ ಸವೆತವನ್ನು ನೋಡುವದು. ಮೊಂಡಾದ ಕಬ್ಬಿಣವು ಬಲವನ್ನು ತಿನ್ನುವದೆಂಬುದನ್ನು ಪ್ರಸಂಗಿಯು ಅರಿತಿದ್ದನು. ನಮ್ಮ ದಿನಗಳಲ್ಲಿ ಅದು ಡೀಸೆಲನ್ನು ತಿನ್ನುತ್ತದೆ. ಎಡದ ಅಲಗನ್ನು ಬಲಕ್ಕೆ ಕಟ್ಟಬಾರದು. ತೆಂಗಿನ ತೋಟದಲ್ಲಿ ಕಳೆ ಕೊಚ್ಚುವ ಯಂತ್ರವಾದರೆ, ಅದರ ಅಲಗುಗಳನ್ನು ತೂಕ ಸರಿಯಾದ ಜೊತೆಯಾಗಿಯೇ ಬದಲಾಯಿಸತಕ್ಕದ್ದು. ಹೊಸ ಬೋಲ್ಟುಗಳನ್ನು ಕೆಲವು ಕಾಲ ಕೆಲಸವಾದ ಮೇಲೆ ತಿರುಗಿ ಬಿಗಿಯಬೇಕು. ಸಡಿಲವಾದ ಅಲಗು ಕಾವಿನಿಂದ ಜಾರಿದ ಕೊಡಲಿಯೇ.

ಎರಡನೆಯದು: ಮುರಿಯಲಿಕ್ಕೆ ಇಟ್ಟದ್ದು ಮುರಿಯಲಿ. ಅನೇಕ ಯಂತ್ರಗಳ ಶಾಫ್ಟಿನಲ್ಲಿ ಒಂದು ಮೆತುವಾದ ಬೋಲ್ಟು ಇರುವದು. ಬಂಡೆಯೋ ಬೇರೋ ಸಿಕ್ಕಿದಾಗ ಅದು ತಾನು ತುಂಡಾಗಿ ಗೇರುಗಳನ್ನು ಉಳಿಸುತ್ತದೆ. ಪದೇ ಪದೇ ಮುರಿಯುತ್ತದೆಂದು ಬೇಸತ್ತವರು ಅದರ ಸ್ಥಳದಲ್ಲಿ ಗಟ್ಟಿಯಾದ ಬೋಲ್ಟನ್ನು ಬಡಿಯುತ್ತಾರೆ. ಆಗ ಸುಮ್ಮನಾದಂತೆ ತೋರುವದು. ಆದರೆ ಪೆಟ್ಟು ನೆಟ್ಟಗೆ ಗೇರಿಗೆ ಬೀಳುವದು. ನಮ್ಮ ಮನಸ್ಸಾಕ್ಷಿಯೂ ಹೀಗೆಯೇ. ತಪ್ಪು ಮಾಡಿದಾಗ ಅದು ನಮ್ಮನ್ನು ತಡೆದು ನಿಲ್ಲಿಸುತ್ತದೆ. ಆ ತಡೆಯು ಸಾಕಾಯಿತೆಂದು ಅದನ್ನು ಕಠಿಣಪಡಿಸುವವನು ಚಿಕ್ಕ ನಷ್ಟವನ್ನು ತಪ್ಪಿಸಿ ದೊಡ್ಡ ನಾಶವನ್ನು ಕೊಂಡುಕೊಳ್ಳುವನು.

ಮೂರನೆಯದು: ಮುಚ್ಚಳವನ್ನು ಬಿಚ್ಚಿಡಬಾರದು. ಶಕ್ತಿಯನ್ನು ಒಯ್ಯುವ ಪಿ.ಟಿ.ಓ. ಶಾಫ್ಟು ಸಾಮಾನ್ಯವಾಗಿ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ 9 ಸುತ್ತು ತಿರುಗುವದು. ಪಂಚೆಯ ಅಂಚಾಗಲಿ ಸೀರೆಯ ಸೆರಗಾಗಲಿ ಸಿಕ್ಕಿದರೆ ಅಯ್ಯೋ ಎಂದು ಕೂಗುವಷ್ಟರಲ್ಲಿ ಸುತ್ತಿಕೊಂಡಿರುವದು. ಗ್ರೀಸು ಹಾಕಲಿಕ್ಕೆ ಅಡ್ಡಿಯೆಂದು ಅದರ ಮುಚ್ಚಳವನ್ನು ಬಿಚ್ಚಿ ಮೂಲೆಗೆ ಎಸೆಯುವದು ಸುಲಭ. ಕಲ್ಲು ಹಾರದಂತೆ ತಡೆಯುವ ಹಿಂದಿನ ತಗಡು ತುಕ್ಕು ಹಿಡಿದು ಬಿದ್ದರೆ ಮರಳಿ ಕಟ್ಟದಿರುವದೂ ಸುಲಭ. ಆದರೆ ಮುಚ್ಚಳವೇ ನಮ್ಮ ಮಾಳಿಗೆಯ ಮೋಟುಗೋಡೆ.

ಆದಕಾರಣ ಕೊಳ್ಳುವವನೇ, ದುರಸ್ತಿನ ಲೆಕ್ಕ ಹಾಕುವಾಗ ಮುಚ್ಚಳದ ಬೆಲೆಯನ್ನೂ ಸೇರಿಸಿಕೋ. ಮಾರುವವನೇ, ಬಿರುಕಿನ ಮೇಲೆ ಬಣ್ಣ ಬಳಿಯಬೇಡ. ಇದ್ದದ್ದನ್ನು ಇದ್ದ ಹಾಗೆ ಹೇಳಿ, ನ್ಯಾಯವಾದ ಬೆಲೆಯನ್ನು ಕೇಳು. ಬಾಡಿಗೆಗೆ ಓಡಿಸುವವನೇ, ಹಿಂದೆ ನಿಂತವನನ್ನೂ ಹಾಳೆಯ ಮೇಲೆ ಓಡಾಡುವ ಮಕ್ಕಳನ್ನೂ ದೂರ ಕಳುಹಿಸದೆ ಯಂತ್ರವನ್ನು ತಿರುಗಿಸಬೇಡ. ಕೂಲಿಯವನು ಬಡವನೆಂದೂ ಅವನ ಪ್ರಾಣಕ್ಕೆ ಕೇಳುವವರಿಲ್ಲವೆಂದೂ ಯಾರೂ ನೆನಸದಿರಲಿ. ಮಾಳಿಗೆಗೆ ಗೋಡೆ ಇದೆಯೋ ಎಂದು ಕೇಳಿದ ದೇವರು ನಮ್ಮ ಹೊಲಗಳನ್ನೂ ನೋಡುತ್ತಾನೆ. ಮಳೆ ಬೀಳುವದಕ್ಕೆ ಮುಂಚೆಯೇ ಅಲಗನ್ನು ಮಸೆದು, ಬೋಲ್ಟನ್ನು ಬಿಗಿದು, ಮುಚ್ಚಳವನ್ನು ಕಟ್ಟಿಕೊಳ್ಳೋಣ. ಹೊಲಕ್ಕೆ ಹೋದವರೆಲ್ಲರೂ ಸಾಯಂಕಾಲ ಸುಖವಾಗಿ ಮನೆಗೆ ಬರುವಂತೆ ಆತನು ಕೃಪೆ ಮಾಡಲಿ.