ಒಂದು ಮೈ, ಎರಡು ಚೀಟಿ

ಗುಡೂರಿನಲ್ಲಿ ಕುಣಿ ಮಗ್ಗಕ್ಕೆ ಕೂತು ಇಳಕಲ್ ಸೀರೆ ನೇಯುವ ಒಬ್ಬ ನೇಕಾರನನ್ನು ಎಣಿಸಿಕೊಳ್ಳೋಣ. ಕೆಮ್ಮು ಎರಡು ವಾರ ದಾಟಿದೆ, ಸಂಜೆಯಾದರೆ ಜ್ವರ, ಅಂಗಿ ಸಡಿಲಾಗಿದೆ. ಕಫದ ಪರೀಕ್ಷೆಯಲ್ಲಿ ಕ್ಷಯ ಕಂಡಿತು. ಕ್ಷಯ ಕಂಡವರ ಸಕ್ಕರೆಯನ್ನೂ ನೋಡಬೇಕೆಂಬುದು ರಾಷ್ಟ್ರೀಯ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ಕ್ರಮ. ನೋಡಿದರೆ ಅದೂ ಏರಿದೆ. ಇದು ವಿಷಯ. ಎರಡನ್ನೂ ಒಟ್ಟಿಗೆ ಹಿಡಿಯಬೇಕೋ, ಒಂದು ಮುಗಿದ ಮೇಲೆ ಇನ್ನೊಂದೋ ಎಂಬುದು ಸಂಶಯ.

ಪೂರ್ವಪಕ್ಷ ಊರಿನ ಬಾಯಲ್ಲೇ ಇದೆ: "ಮೊದಲ ಟಿ.ಬಿ. ಹೋಗ್ಲಿ, ಸಕ್ರಿದು ಆಮ್ಯಾಲೆ ನೋಡೂಣು." ಈ ವಾದ ನಿಲ್ಲದು. ಸಕ್ಕರೆ ಏರಿದ ಮೈಯಲ್ಲಿ ರೋಗಾಣುವನ್ನು ಎದುರಿಸುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಕ್ಷಯ ತಗಲುವ ಸಂಭವ ಇತರರಿಗಿಂತ ಎರಡು–ಮೂರು ಪಟ್ಟು. ತಗಲಿದ ಮೇಲೆ ಕಫ ಶುದ್ಧವಾಗುವುದು ತಡವಾಗಬಹುದು, ವಾಸಿಯಾದ ರೋಗ ಮರುಕಳಿಸುವ ಭಯವೂ ಹೆಚ್ಚು. ಸಕ್ಕರೆಯನ್ನು ಕಾಯಲು ಬಿಟ್ಟರೆ ಕ್ಷಯದ ಗುಳಿಗೆಯ ಕೆಲಸವೇ ಕೆಡುತ್ತದೆ.

ಎರಡನೆಯ ಆಕ್ಷೇಪ ಇನ್ನೂ ಸೂಕ್ಷ್ಮ. ಸಕ್ಕರೆ ಏರಿದ್ದು ಕ್ಷಯದಿಂದಲೇ, ಅದು ಹೋದರೆ ಇದೂ ಹೋಗುತ್ತದೆ ಎನ್ನುತ್ತಾರೆ. ಅರ್ಧ ಸತ್ಯ. ಸೋಂಕಿನ ಒತ್ತಡದಲ್ಲಿ ಸಕ್ಕರೆ ತಾತ್ಕಾಲಿಕವಾಗಿ ಏರುವುದುಂಟು. ಆದ್ದರಿಂದಲೇ ಖಾಲಿ ಹೊಟ್ಟೆಯ ಸಕ್ಕರೆಗಿರುವ 126 ಮಿ.ಗ್ರಾಂ. ಗೆರೆಯೊಂದನ್ನೇ ನಂಬದೆ, ಎರಡು–ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿಯನ್ನೂ ನೋಡುತ್ತಾರೆ, ಅದಕ್ಕೆ ಶೇಕಡಾ 6.5 ಗೆರೆ. ಚಿಕಿತ್ಸೆ ನಡೆದಿರುವಾಗ ಮತ್ತೆ ಅಳೆಯಬೇಕು. ಸಕ್ಕರೆ ಗುಳಿಗೆ ಇಳಿಸುವ ತೀರ್ಮಾನ ಆ ಅಳತೆಯ ಮೇಲೆ ವೈದ್ಯರದು.

ಮೂರನೆಯದು ತಾಟಿನ ಮುಂದೆ ಹುಟ್ಟುವ ಜಗಳ, ಅಡುಗೆಮನೆಯನ್ನು ನಿಜವಾಗಿ ಕಂಗೆಡಿಸುವುದು ಇದೇ. ಕ್ಷಯಕ್ಕೆ ಚೆನ್ನಾಗಿ ಉಣ್ಣು ಅಂತಾರೆ, ಸಕ್ಕರೆಗೆ ಬಾಯಿ ಕಟ್ಟು ಅಂತಾರೆ. ಮನೆಯಾಕೆ ಯಾರ ಮಾತು ಕೇಳಬೇಕು? ನನ್ನ ಮಟ್ಟಿಗೆ ಇಲ್ಲಿ ವಿರೋಧವೇ ಇಲ್ಲ. ತೂಕ ಕಳೆದುಕೊಂಡವನನ್ನು ಉಪವಾಸ ಕೆಡವಬಾರದು. ಮೊಟ್ಟೆ, ಮಡಕಿ ಕಾಳು, ಹೆಸರು, ಶೇಂಗಾ ಚಟ್ನಿ, ಪುಂಡಿ ಪಲ್ಲೆ, ಮಜ್ಜಿಗೆ ಇವು ಎರಡು ಕಾಯಿಲೆಗೂ ಒಪ್ಪುವ ಊಟ. ಶಕ್ತಿ ಬರಲೆಂದು ಕೊಡುವ ಗ್ಲೂಕೋಸ್ ಪುಡಿ, ಸಕ್ಕರೆ ಸುರಿದ ಹಾಲು, ದಿನಕ್ಕೆ ಐದಾರು ಕಪ್ ಸಿಹಿ ಚಹಾ ಇವನ್ನು ಬಿಡಬೇಕು. ಜೋಳಕ್ಕೆ ಲೆಕ್ಕವಿಲ್ಲ ಎಂಬ ನಂಬಿಕೆ ನಮ್ಮ ಕಡೆ ಗಟ್ಟಿ. ರೊಟ್ಟಿಯಲ್ಲೂ ಪಿಷ್ಟವಿದೆ, ಎಣಿಸಿಯೇ ತಿನ್ನಬೇಕು. ಕಾಳು–ಮೊಟ್ಟೆಗೆ ದುಡ್ಡೆಲ್ಲಿ ಎಂದರೆ, ನಿಕ್ಷಯ್ ಪೋಷಣ್ ಯೋಜನೆ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು, 2024ರ ನವೆಂಬರಿನಿಂದ ಅದು 1000. ಇಡೀ ಮನೆಗೆ ಸಾಲದು, ರೋಗಿಯ ಮೊಟ್ಟೆಗೆ ಆಧಾರವಾದೀತು.

ನಾಲ್ಕನೆಯ ಆಕ್ಷೇಪ: ಸಕ್ಕರೆಗೆ ಖಾಸಗಿ ಡಾಕ್ಟರು, ಕ್ಷಯಕ್ಕೆ ಸರ್ಕಾರಿ ದವಾಖಾನೆ, ಒಬ್ಬರ ವಿಷಯ ಇನ್ನೊಬ್ಬರಿಗೆ ಯಾಕೆ? ನಾಚಿಕೆಯಿಂದ ಹೀಗೆ ಮುಚ್ಚಿಡುವುದೇ ಅಪಾಯ. ಇಳಕಲ್ ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವುದನ್ನು ನೇಕಾರ ಬಲ್ಲ. ಎರಡು ಚೀಟಿಗಳಿಗೂ ಅಂಥ ಕೊಂಡಿ ಬೇಕು. ಕ್ಷಯಕ್ಕೆ ಮೊದಲ ಎರಡು ತಿಂಗಳು ನಾಲ್ಕು ಔಷಧಿ, ಮುಂದಿನ ನಾಲ್ಕು ತಿಂಗಳು ಮೂರು. ಅವುಗಳಲ್ಲಿ ಮೂತ್ರವನ್ನು ಕಿತ್ತಳೆ ಬಣ್ಣ ಮಾಡುವ ರಿಫಾಂಪಿಸಿನ್, ಗ್ಲಿಮೆಪಿರೈಡಿನಂಥ ಸಕ್ಕರೆ ಗುಳಿಗೆಯನ್ನು ಯಕೃತ್ತಿನಲ್ಲಿ ಬೇಗ ಕರಗಿಸಿ ಅದರ ಬಲ ಕುಂದಿಸುತ್ತದೆ. ಅದಕ್ಕೇ ಮೆಟ್‌ಫಾರ್ಮಿನ್, ಬೇಕಾದರೆ ಇನ್ಸುಲಿನ್ ಆರಿಸುತ್ತಾರೆ, ಇಲ್ಲವೇ ಆ ಗುಳಿಗೆಯ ಪ್ರಮಾಣ ಏರಿಸುತ್ತಾರೆ. ಕ್ಷಯದ ಇನ್ನೊಂದು ಔಷಧಿ ಐಸೋನಿಯಾಜಿಡ್ ಅಂಗಾಲು ಉರಿಸಬಲ್ಲದು, ಸಕ್ಕರೆಯೂ ಉರಿಸುತ್ತದೆ. ಬಿ6 ಗುಳಿಗೆ ಜೊತೆಗೆ ಕೊಡುವುದು ಇದರಿಂದಲೇ. ವಾಂತಿ ನಿಲ್ಲದಿದ್ದರೆ, ಕಣ್ಣು ಹಳದಿಯಾದರೆ ಅದೇ ದಿನ ದವಾಖಾನೆಗೆ ಹೋಗಬೇಕು.

ಆರು ತಿಂಗಳು ಮುಗಿಯಿತಲ್ಲ, ಇನ್ನೇನು ಎಂಬುದು ಕೊನೆಯ ಪ್ರಶ್ನೆ. ರಿಫಾಂಪಿಸಿನ್ ನಿಂತ ಕೆಲವು ವಾರಗಳಲ್ಲಿ ಕುಂದಿದ್ದ ಸಕ್ಕರೆ ಗುಳಿಗೆಗೆ ಹಳೆಯ ಬಲ ಮರಳುತ್ತದೆ. ಏರಿಸಿದ್ದ ಪ್ರಮಾಣ ಹಾಗೇ ಉಳಿದರೆ ಸಕ್ಕರೆ ತೀರಾ ಇಳಿದು ಮಗ್ಗದಲ್ಲಿ ಕೂತವನಿಗೆ ಬೆವರು, ಕೈನಡುಕ, ಕಣ್ಣಿಗೆ ಕತ್ತಲೆ. ಕ್ಷಯದ ಕೊನೆಯ ಗುಳಿಗೆಗೆ ಮೊದಲೇ ಸಕ್ಕರೆ ಚೀಟಿಯನ್ನು ಇನ್ನೊಮ್ಮೆ ಬರೆಸಿಕೊಳ್ಳಬೇಕು.